ಆರು ದಿನದ ಸೃಷ್ಟಿ ಮತ್ತು ತಂಗಿಯ ಮದುವೆ

ಎಲ್ಲ ಪ್ರಶ್ನೆಗಳಿಗೂ ಉತ್ತರ ಸಿದ್ಧವಾಗಿಟ್ಟುಕೊಂಡು ಓಡಾಡುವುದು ಒಂದು ಬಗೆಯ ಕಾಯಿಲೆ ಎಂದು ನನಗೆ ಈಚೆಗೆ ಅನ್ನಿಸತೊಡಗಿದೆ. ನನಗೆ ಅದು ಅಂಟಿಕೊಂಡದ್ದು ಬಿ.ಎಸ್ಸಿ. ಪಾಸಾದ ವರ್ಷ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ ನಾನು. ಅಪ್ಪ ಬೇಗ ತೀರಿಕೊಂಡರು. ಅಮ್ಮ ಆಸ್ಪತ್ರೆಯಲ್ಲಿ ಆಯಾ ಕೆಲಸ ಮಾಡಿ ನನ್ನನ್ನೂ ತಂಗಿ ಸುಗುಣಾಳನ್ನೂ ಓದಿಸಿದಳು. ಮಂಡಿ ಮೊಹಲ್ಲಾದ ಬಾಡಿಗೆ ಮನೆಯಲ್ಲಿ, ಪಕ್ಕದ ಮಳಿಗೆಯ ಮೆಣಸಿನಕಾಯಿ ಮೂಟೆಗಳ ಘಾಟಿಗೆ ಸೀನುತ್ತಾ ಸಸ್ಯಶಾಸ್ತ್ರ ಓದಿದವನು ನಾನು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ ಎಂದರೆ ಸುಳ್ಳಾಗುತ್ತದೆ. ಜಂಬಕ್ಕೇ ಹೇಳುತ್ತಿದ್ದೇನೆ.

ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರಾದ ಮೇಲೆ ನನ್ನ ಕಾಯಿಲೆ ಉಲ್ಬಣಿಸಿತು. ಗಣಿತದ ಶಾಮಣ್ಣನವರಿಗೆ ದೇವರಲ್ಲಿ ನಂಬಿಕೆಯಿಲ್ಲ. ಆದರೆ ನೀರನ್ನು ಮಾತ್ರ ಮನೆಯಿಂದ ತಂದ ತಮ್ಮದೇ ಚೊಂಬಿನಿಂದ ಕುಡಿಯುತ್ತಾರೆ. ಆ ಚೊಂಬನ್ನು ಎತ್ತಿ ಗಟಗಟ ಕುಡಿದು, ಬಾಯಿ ಒರೆಸಿಕೊಂಡು, "ಏನ್ರೀ, ನಿಮ್ಮ ಬೈಬಲ್ಲಿನ ಯೋನ ಮೀನಿನ ಹೊಟ್ಟೇಲಿ ಮೂರು ದಿನ ಇದ್ನಲ್ಲ, ಉಸಿರಾಟಕ್ಕೆ ಏನು ಏರ್ಪಾಡು?" ಎನ್ನುತ್ತಿದ್ದರು. "ಏನೂ ಇಲ್ಲದ ಕಡೆಯಿಂದ ಇಡೀ ಜಗತ್ತು ತಾನಾಗೇ ಬಂತು ಅಂತ ನೀವು ನುಂಗ್ತೀರಿ. ನನ್ನ ಒಂದು ಮೀನು ನಿಮ್ಮ ಗಂಟಲಲ್ಲಿ ಸಿಕ್ಕಿಹಾಕ್ಕೊಳ್ತೇ?" ಎಂದು ನಾನೂ ಬಿಡುತ್ತಿರಲಿಲ್ಲ. ಭಾನುವಾರ, ನಾವು ದೇವಾಲಯ ಎನ್ನುವ ಚರ್ಚಿಗೆ ಹೋದರೆ ಅಲ್ಲಿ ಹಿರಿಯರು ಕಾದಿರುತ್ತಿದ್ದರು. "ಮಕ್ಕಳಿಗೆ ಕೋತಿ ಪಾಠ ಹೇಳ್ಕೊಡ್ತೀಯಂತಲ್ಲಪ್ಪ?" ವಾರದಲ್ಲಿ ಆರು ದಿನ ಸತ್ಯವೇದದ ಪರವಾಗಿಯೂ ಏಳನೆಯ ದಿನ ವಿಜ್ಞಾನದ ಪರವಾಗಿಯೂ ವಾದಿಸುವ, ಎರಡು ಕಡೆಯಿಂದಲೂ ಫೀಸು ಸಿಗದ ವಕೀಲ ನಾನು.

ನನ್ನ ನಂಬಿಕೆ ಸರಳವಾದದ್ದು. ಜಗತ್ತನ್ನು ಮಾಡಿದವನು ಯಾರು, ಯಾಕೆ ಮಾಡಿದ ಎಂಬುದನ್ನು ಸತ್ಯವೇದ ಹೇಳುತ್ತದೆ. ಹೇಗೆ ಮಾಡಿದ ಎಂಬುದನ್ನು ನಾವು ಕಣ್ಣು ಬಿಟ್ಟು ನೋಡಿ ತಿಳಿಯಬೇಕು. ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಎಲೆಯ ತೆಳು ಸೀಳಿನಲ್ಲಿ ಹಸಿರು ಕಣಗಳು ಮೆಲ್ಲಗೆ ತಿರುಗುವುದನ್ನು ಮೊದಲ ಸಲ ಕಂಡಾಗ ನಾನು ಬರೆದುಕೊಳ್ಳುವುದನ್ನು ಮರೆತು ಕೈ ಮುಗಿದಿದ್ದೆ. ಡೆಮಾನ್‌ಸ್ಟ್ರೇಟರು ಬಂದು ಬೈದರು. ಅದು ಬೇರೆ ವಿಷಯ.

ಹೀಗಿರುವಾಗ ಸುಗುಣಾಳಿಗೆ ಒಂದು ಸಂಬಂಧ ಬಂತು. ಹುಡುಗ ರೈಲ್ವೆ ವರ್ಕ್‌ಷಾಪಿನಲ್ಲಿ ಫಿಟ್ಟರ್. ಇಬ್ಬರೂ ದೇವಾಲಯದ ಗಾಯನ ಮಂಡಳಿಯಲ್ಲಿ ಒಟ್ಟಿಗೆ ಹಾಡುತ್ತಿದ್ದವರು. ಶಿಶುವಿಹಾರದಲ್ಲಿ ಪಾಠ ಹೇಳುತ್ತಿದ್ದ ನನ್ನ ತಂಗಿ ಅದಕ್ಕೆ ಮೊದಲು ಬಂದ ಎರಡು ಸಂಬಂಧಗಳನ್ನು ಬೇಡವೆಂದದ್ದು ಯಾಕೆಂದು ಅಮ್ಮನಿಗೆ ಆಗ ಗೊತ್ತಾಯಿತು. ಒಂದೇ ತೊಡಕು, ಹುಡುಗನ ದೊಡ್ಡಪ್ಪ ಯೋಬಪ್ಪನವರು. ಸತ್ಯವೇದ ಬೋಧಿಸಿ ನಿವೃತ್ತರಾದ ಉಪದೇಶಿ. ಅವರು ಒಪ್ಪಿದರೆ ಉಂಟು, ಇಲ್ಲದಿದ್ದರೆ ಇಲ್ಲ. "ಕೋತಿ ಮೇಷ್ಟ್ರ ಮನೆಗೆ ನಾನು ಬರಬೇಕಾ?" ಎಂದು ಅವರು ಕೇಳಿದ್ದರಂತೆ.

ಕೊನೆಗೂ ಹುಡುಗನನ್ನು ಕರೆದುಕೊಂಡು ಬರಲು ಒಪ್ಪಿದರು. ಅವರು ಬರುವ ದಿನ ಅಮ್ಮ ನನ್ನ ಕೈ ಹಿಡಿದುಕೊಂಡು, "ನೋಡಪ್ಪ, ಕೇಳಿದ್ದಕ್ಕೆ ಹೂಂ ಅನ್ನು, ಸಾಕು. ಕೋತಿ ಎಲ್ಲಿಗೂ ಓಡೋಗಲ್ಲ, ಮದುವೆ ಆದ್ಮೇಲೂ ಇರ್ತದೆ," ಎಂದಳು. ಸುಗುಣ ಅಡುಗೆಮನೆಯಲ್ಲಿದ್ದಳು. ಕೇಸರಿಬಾತಿಗೆ ಎರಡು ಸಲ ಸಕ್ಕರೆ ಹಾಕಿದ್ದಳು.

ಯೋಬಪ್ಪನವರು ಕುರ್ಚಿಯಲ್ಲಿ ಕೂತು, ಕೊಡೆಯನ್ನು ಮೊಣಕಾಲ ನಡುವೆ ನಿಲ್ಲಿಸಿ, ನೇರವಾಗಿ ಕೇಳಿದರು. "ಆರು ದಿನದಲ್ಲಿ ಸೃಷ್ಟಿ ಆಯ್ತೋ ಇಲ್ವೋ?"

ಅಮ್ಮ ಬಾಗಿಲ ಸಂದಿಯಿಂದ ಕಣ್ಣಲ್ಲೇ ಬೇಡಿಕೊಂಡಳು. ಹೂಂ ಎನ್ನಲು ಬಾಯಿ ತೆರೆದೆ. ಡಿಗ್ರಿ ಅಡ್ಡ ಬಂತು. "ಆಯ್ತು ಉಪದೇಶಿಗಳೇ. ಆದರೆ ಸೂರ್ಯ ಹುಟ್ಟಿದ್ದು ನಾಲ್ಕನೇ ದಿನ. ಅದಕ್ಕೆ ಮುಂಚಿನ ಮೂರು ದಿನಗಳನ್ನ ಯಾವ ಗಡಿಯಾರದಲ್ಲಿ ಅಳೆಯೋಣ? ದೇವರ ದಿನ ನಮ್ಮ ದಿನದಷ್ಟೇ ಇರಬೇಕು ಅನ್ನೋಕೆ ನಾವ್ಯಾರು?"

"ಕೋತಿ?"

"ದೇವರು ನಮ್ಮನ್ನ ಮಣ್ಣಿಂದ ಮಾಡಿದ ಅನ್ನೋಕೆ ನಮಗೆ ನಾಚಿಕೆ ಇಲ್ಲ. ಮಣ್ಣಿಗಿಂತ ಕೋತಿ ಒಂದು ಮೆಟ್ಟಿಲು ಮೇಲೇ ಅಲ್ವೇ? ಯಾವ ದಾರೀಲಿ ಕರ್ಕೊಂಡು ಬಂದ್ರೂ ಉಸಿರು ಊದಿದವನು ಅವನೇ."

ಹುಡುಗ ನಗು ಬಂದದ್ದನ್ನು ಕಾಫಿ ಲೋಟದಲ್ಲಿ ಮುಳುಗಿಸಿದ. ಯೋಬಪ್ಪನವರು ಕೊಡೆಯನ್ನು ಗೋಡೆಗೆ ಒರಗಿಸಿದರು. "ನಾನು ಒಪ್ಪಲ್ಲ. ನಾವೆಲ್ಲ ಬಂದಿದ್ದು ಆದಾಮನಿಂದ, ಕೋತಿಯಿಂದ ಅಲ್ಲ. ಆದ್ರೂ ಓದಿ ದೇವರನ್ನ ಬಿಟ್ಟಿಲ್ಲ ನೀನು. ಅಷ್ಟು ಸಾಕು ಬುಡು," ಎಂದರು. ನನ್ನ ಎದೆ ಎರಡಂಗುಲ ಉಬ್ಬಿತು. ಕೇಸರಿಬಾತನ್ನು ಅವರ ಕಡೆ ಸರಿಸಿದೆ.

ಒಂದು ಚಮಚ ಬಾಯಿಗಿಟ್ಟುಕೊಂಡು ಅವರು, "ಅದಿರ್ಲಿ. ನಿಮ್ಮ ತಾತ ದೀಕ್ಷಾಸ್ನಾನ ತೊಗೊಂಡು ಕ್ರೈಸ್ತರಾಗೋಕೆ ಮುಂಚೆ ನೀವು ಯಾವ ಜನ?" ಎಂದರು.

ನಮ್ಮವರಲ್ಲಿ ಈ ಪ್ರಶ್ನೆಯನ್ನು ದೇವಾಲಯದಲ್ಲಿ ಯಾರೂ ಕೇಳುವುದಿಲ್ಲ. ಅಲ್ಲಿ ಪ್ರಭುಭೋಜನದ ದ್ರಾಕ್ಷಾರಸವನ್ನು ಎಲ್ಲರೂ ಒಂದೇ ಬಟ್ಟಲಿನಿಂದ ಕುಡಿಯುತ್ತೇವೆ. ಮದುವೆಯ ಮಾತು ಬಂದಾಗ ಅದು ಕೇಸರಿಬಾತಿನ ಜೊತೆ ಬರುತ್ತದೆ. ಮೀನಿಗೆ, ಆರು ದಿನಕ್ಕೆ, ಕೋತಿಗೆ ನನ್ನಲ್ಲಿ ಉತ್ತರವಿತ್ತು. ಈಗ ನನ್ನ ತಟ್ಟೆಯ ಗೋಡಂಬಿ ಎಣಿಸತೊಡಗಿದೆ.

ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದಳು. "ನಮ್ಮ ಮಾವ ಚರ್ಮ ಹದ ಮಾಡ್ತಿದ್ರು ಕಣ್ರಪ್ಪ. ಊರಾಚೆ ಮನೆ," ಎಂದಳು.

ಯೋಬಪ್ಪನವರು ತಟ್ಟೆ ಕೆಳಗಿಟ್ಟರು. ಕೊಡೆಗೆ ಕೈ ಹಾಕಿದರು. ಹುಡುಗ ಎದ್ದು ನಿಂತು, "ದೊಡ್ಡಪ್ಪ, ಕುತ್ಕೊಳ್ಳಿ," ಎಂದ. ಅವರು ಕೂರಲಿಲ್ಲ.

ಆಗ ಸುಗುಣ ಒಳಗಿನಿಂದ ಬಂದು ಅವರೆದುರು ನಿಂತಳು. ಶಿಶುವಿಹಾರದ ಮಕ್ಕಳನ್ನು ಮಾತಾಡಿಸುವ ಅದೇ ಮೃದುವಾದ ದನಿಯಲ್ಲಿ ಕೇಳಿದಳು. "ದೊಡ್ಡಪ್ಪ, ನಾವೆಲ್ಲ ಆದಾಮನಿಂದ ಬಂದ್ವಿ ಅಂತ ನೀವೇ ಹೇಳಿದ್ರಿ, ಕೋತಿಯಿಂದ ಅಲ್ಲ ಅಂತ. ಆದಾಮ ಯಾವ ಜಾತಿ?"

ಯೋಬಪ್ಪನವರು ಕೊಡೆ ಹಿಡಿದುಕೊಂಡೇ ಮತ್ತೆ ಕೂತರು. ತಟ್ಟೆ ಎತ್ತಿಕೊಂಡರು. "ಸಕ್ಕರೆ ಜಾಸ್ತಿ ಆಗಿದೆ ಕಣಮ್ಮ," ಎಂದರು, ತಲೆ ತಗ್ಗಿಸಿ. ಪೂರ್ತಿ ತಿಂದರು.

ಮೂರು ಭಾನುವಾರ ದೇವಾಲಯದಲ್ಲಿ ಪಾದ್ರಿ ಅಯ್ಯನವರು ಮದುವೆಯ ಪ್ರಕಟಣೆ ಓದಿ, ಆಕ್ಷೇಪಣೆ ಇದ್ದವರು ಹೇಳಬೇಕೆಂದು ಕೇಳಿದರು. ಮೂರನೆಯ ಸಲ ಯೋಬಪ್ಪನವರು ಕೆಮ್ಮಿದರು. ನಮ್ಮ ಮನೆಯವರೆಲ್ಲ ಅವರ ಕಡೆ ತಿರುಗಿದೆವು. ಅದು ಬರೀ ಕೆಮ್ಮು. ಮದುವೆಯಲ್ಲಿ ಅವರೇ ಪ್ರಾರ್ಥನೆ ಮಾಡಿದರು. ಬಹಳ ಉದ್ದವಾಗಿಯೇ ಮಾಡಿದರು.

ಸ್ಟಾಫ್ ರೂಮಿನಲ್ಲಿ ನಾನು ಈ ಕಥೆ ಹೇಳಿದಾಗ ಶಾಮಣ್ಣನವರು ಜೋರಾಗಿ ನಕ್ಕು, ನೀರು ಕುಡಿಯಲು ಚೊಂಬಿಗೆ ಕೈ ಚಾಚಿ, ಅರ್ಧಕ್ಕೇ ನಿಲ್ಲಿಸಿದರು. ಅವರ ಮೇಲೆ ನಾನು ಗೆದ್ದ ವಾದ ಅದೊಂದೇ ಇರಬೇಕು.

ಇಷ್ಟಕ್ಕೇ ಮುಗಿಸಿದ್ದರೆ ನನಗೆ ಮರ್ಯಾದೆ. ಆದರೆ ಮೊನ್ನೆ ಅಮ್ಮ ನನಗೊಂದು ಸಂಬಂಧ ತಂದಳು. ನಜರ್‌ಬಾದಿನ ಹುಡುಗಿ, ಒಳ್ಳೆಯ ಮನೆತನ. ಎಸ್.ಎಸ್.ಎಲ್.ಸಿ. ಒಂದು ಸಲ ಕಟ್ಟಿ, ಫೇಲಾಗಿ, ಬಿಟ್ಟಿದ್ದಾಳೆ. "ಅಮ್ಮಾ, ನಾನು ಬಿ.ಎಸ್ಸಿ. ಹುಡುಗಿ ಇಂಟರ್‌ಮೀಡಿಯೆಟ್ ಆದರೂ ಆಗಿರಬೇಕಲ್ಲವೇ?" ಎಂದೆ. ತವರಿಗೆ ಬಂದಿದ್ದ ಸುಗುಣ ಅವರೆಕಾಯಿ ಬಿಡಿಸುತ್ತಾ, ತಲೆಯೆತ್ತದೆ ಕೇಳಿದಳು.

"ಆದಾಮ ಏನು ಪಾಸಾಗಿದ್ದ ಅಣ್ಣ?"

ಉತ್ತರ ಹುಡುಕುತ್ತಿದ್ದೇನೆ. ಅಷ್ಟರಲ್ಲಿ ಅಮ್ಮ, ಭಾನುವಾರ ಆರಾಧನೆ ಮುಗಿಸಿಕೊಂಡು ಬರುತ್ತೇವೆಂದು ನಜರ್‌ಬಾದಿಗೆ ಹೇಳಿ ಕಳಿಸಿಬಿಟ್ಟಿದ್ದಾಳೆ.