ಇನ್ನೊಮ್ಮೆ ಚೆಲ್ಲಿದ ಚರಗ

ಚಳಿಗಾಲದಲ್ಲಿ ಒಳ್ಳೆಯ ಫೋಟೋ ಬೇಕೆಂದರೆ ಹಿಮಾಲಯಕ್ಕೆ ಹೋಗಬೇಕಿಲ್ಲ, ಹಾಸಿಗೆ ಬಿಟ್ಟು ಎದ್ದು ಕಣ್ಣು ತೆರೆದರೆ ಸಾಕು ಎಂದು ಬೆಳಗಾವಿಯ ಒಂದು ಫೋಟೋ ಶಿಬಿರದಲ್ಲಿ ಯಾರೋ ಹೇಳಿದರು. ನಾನು ಅದನ್ನು ವೇದವಾಕ್ಯವೆಂದು ನಂಬಿದೆ. ಶಿಬಿರದವರೇ ಒಂದು ಪ್ರದರ್ಶನವನ್ನೂ ಇಟ್ಟುಕೊಂಡಿದ್ದರು. ವಿಷಯ, 'ಚಳಿಗಾಲದ ನಿತ್ಯಜೀವನ'. ಆಯ್ಕೆಯಾದ ಚಿತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ. ನನ್ನ ಹತ್ತಿರ ಹೊಸ ಮೊಬೈಲ್ ಇತ್ತು, ಕಣ್ಣು ಮೊದಲಿನಿಂದಲೂ ಇದ್ದವು. ಇನ್ನೇನು ಬೇಕು? ನನ್ನ ಚಿತ್ರ ನೋಡಲು ಬರಬೇಕೆಂದು ಆಫೀಸಿನವರಿಗೆಲ್ಲ ಆಮಂತ್ರಣ ಕೊಟ್ಟುಬಿಟ್ಟೆ. ಚಿತ್ರ ಇನ್ನೂ ತೆಗೆದಿರಲಿಲ್ಲ, ಅಷ್ಟೇ!

"ಮೊದ್ಲ ಫೋಟೋ ತಗೀರಿ, ಆಮ್ಯಾಲ ಮಂದೀನ ಕರೀರಿ," ಎಂದಳು ನನ್ನ ಹೆಂಡತಿ ಶಶಿಕಲಾ. ಕಲಾವಿದರು ಮನೆಯಲ್ಲಿ ಇಂಥ ಮಾತು ಕೇಳಬೇಕಾಗುತ್ತದೆ. ನಾನು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದೆ.

ಮರುದಿನ ಬೆಳಿಗ್ಗೆ ಮಂಕಿ ಕ್ಯಾಪ್ ಏರಿಸಿಕೊಂಡು ಅನಗೋಳದ ನಮ್ಮ ಓಣಿಗೆ ಇಳಿದೆ. ಎದುರು ಮನೆಯ ಸುಲೋಚನಾ ಕಾಕು ಹರಿದ ಸ್ವೆಟರ್ ತೊಟ್ಟು, ಅಂಗಳದಲ್ಲಿ ಸ್ನಾನದ ನೀರಿನ ಬಂಬಕ್ಕೆ ಉರಿ ಹಾಕುತ್ತಿದ್ದರು. ಹೊಗೆಯೊಳಗೆ ಎಳೆಬಿಸಿಲು ಕೋಲುಕೋಲಾಗಿ ಇಳಿದಿತ್ತು. ಊದುಗೊಳವೆ ಹಿಡಿದ ಕಾಕುವಿನ ಕೆನ್ನೆ ಉಬ್ಬಿದ್ದವು. ನಿತ್ಯಜೀವನವೆಂದರೆ ಇದೇ!

"ಕಾಕು, ಹಂಗ ಕುಂದರ್ರಿ! ಅಳಗ್ಯಾಡಬ್ಯಾಡ್ರಿ!"

"ಯಾಕೋ? ಹಾವ ಬಂತೇನ?"

"ಇಲ್ರಿ, ಫೋಟೋ! ಪ್ರದರ್ಶನದಾಗ ಹಚ್ಚತಾರ!"

"ಅಗಬಾಯಿ! ಥಾಂಬ, ಜರಾ ನಿಂದರು, ಬಂದ್ನಿ," ಎಂದು ಕಾಕು ಒಳಗೆ ಓಡಿದರು.

ನಾನು ಕಾದೆ. ಬಿಸಿಲೇರಿತು, ಉರಿ ಆರಿತು, ಹೊಗೆ ಹೋಯಿತು. ಕೊನೆಗೆ ನಿತ್ಯಜೀವನವು ರೇಷ್ಮೆ ಸೀರೆ ಉಟ್ಟು, ನತ್ತು ಇಟ್ಟು, ಪೌಡರ್ ಬಡಿದುಕೊಂಡು ಹೊರಗೆ ಬಂತು! ಬಂಬದ ಮುಂದೆ ನಿಲ್ಲಲು ಒಪ್ಪದೆ ಸೊಸೆಯ ಹೊಸ ಸ್ಕೂಟಿಗೆ ಒರಗಿ ನಿಂತಿತು. ಮರುದಿನ ನೋಡಿದರೆ ಇಡೀ ಓಣಿಯೇ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಬಾಗಿಲಲ್ಲಿ ನಿಂತಿತ್ತು. ಹಾಲು ಹಾಕುವವನು ಕೂಡ ಕಪ್ಪು ಕನ್ನಡಕ ಹಾಕಿಕೊಂಡು ಬಂದಿದ್ದ.

ಚಿತ್ರ ಕೊಡುವ ದಿನ ಹತ್ತಿರ ಬಂತು. ನನ್ನ ಮುಖ ನೋಡಲಾರದೆ ಶಶಿಕಲಾ ಹೇಳಿದಳು: "ನಾಡದ ಎಳ್ಳ ಅಮವಾಸಿ. ಖಾನಾಪುರಕ್ಕ ಹೋಗೂಣು ಬರ್ರಿ. ಅಪ್ಪಾ ಹೊಲದಾಗ ಚರಗ ಚೆಲ್ಲತಾರಲ್ಲ, ಅದನ್ನ ತಗೀರಿ."

ಸರಿಯಾದ ಮಾತು! ಆ ದಿನ ಹೋಳಿಗೆ, ಕಡಬು, ಎಣ್ಣೆಗಾಯಿ ಎಲ್ಲವನ್ನೂ ಕಲೆಸಿ, ಬೆಳೆದು ನಿಂತ ಪೈರಿಗೆ, ಭೂಮಿತಾಯಿಗೆ ಎಂದು ಹೊಲದ ತುಂಬ ಚೆಲ್ಲುತ್ತಾರೆ. ಆಮೇಲೆ ಎಲ್ಲರೂ ಅಲ್ಲೇ ಕುಳಿತು ಊಟ. ಕೂಡಲೇ ಮಾವನಿಗೆ ಫೋನ್ ಮಾಡಿ, ಈ ಸಲ ಮಧ್ಯಾಹ್ನ ಬೇಡ, ಮಂಜು ಇರುವಾಗಲೇ ಚೆಲ್ಲಬೇಕು ಎಂದೆ. ಅಂದರೆ ಅತ್ತೆ ಆ ಚಳಿಯಲ್ಲಿ ಕೋಳಿ ಕೂಗುವ ಮೊದಲೇ ಎದ್ದು ಹೋಳಿಗೆ ಬೇಯಿಸಬೇಕು ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ.

ಹಿಂದಿನ ದಿನವೇ ರೈಲು ಹತ್ತಿದೆವು. ದೇಸೂರ ದಾಟುವಾಗ ಹೊರಗೆ ಚೆಂದದ ಮಂಜು. ಮೊಬೈಲ್ ಹಿಡಿದು ಕಿಟಕಿಯ ಸರಳಿಗೆ ಮುಖ ಒತ್ತುವಷ್ಟರಲ್ಲಿ ಎದುರಿನವರು, "ಅಣ್ಣಾರ, ಥಂಡಿ ಹೊಡ್ಯಾಕತ್ತೈತಿ, ಖಿಡಕಿ ಹಾಕ್ರಿ," ಎಂದು ತಾವೇ ಎದ್ದು ಹಾಕಿದರು. ಕಲೆಗೆ ಎಲ್ಲೆಲ್ಲೂ ಅಡ್ಡಿ!

ಅಮವಾಸ್ಯೆಯ ಬೆಳಿಗ್ಗೆ ಮಾತ್ರ ದೇವರೇ ನನಗಾಗಿ ಏರ್ಪಾಟು ಮಾಡಿದಂತಿತ್ತು. ಕಡಲೆ ಹೊಲದ ಮೇಲೆ ಮಂಜು, ಬನ್ನಿ ಗಿಡದ ಹಿಂದೆ ಸೂರ್ಯ, ಬಿಳಿ ಧೋತರ ಉಟ್ಟು ರುಮಾಲು ಸುತ್ತಿದ ಮಾವ. ಪೂಜೆ ಮುಗಿಯಿತು. ಮಾವ ಚರಗದ ಬುಟ್ಟಿ ಹಿಡಿದು, "ಹುಲ್ಲುಲ್ಲಿಗೋ!" ಎಂದು ಚರಗದ ಕೂಗು ಹಾಕುತ್ತ ಕೈ ಎತ್ತಿ ಬೀಸಿದರು.

ನನ್ನ ಫೋನು ರಿಂಗಾಯಿತು. "ಸರ, ಫೋಟೋ ಸಿಕ್ಕಿತೇನ್ರಿ?" ಆಫೀಸಿನವರು!

"ಮಾವಾರ, ಇನ್ನೊಮ್ಮೆ!" ಎಂದೆ.

ನಮ್ಮ ಕಡೆ ಹಬ್ಬದ ದಿನ ಮನೆಗೆ ಬಂದ ಅಳಿಯನ ಮಾತಿಗೆ ಯಾರೂ ಇಲ್ಲ ಎನ್ನುವುದಿಲ್ಲ. ಮಾವ ಮತ್ತೆ ಚೆಲ್ಲಿದರು. ಮೊಬೈಲ್ ಜಾಗವಿಲ್ಲ ಎಂದಿತು. ನೋಡಿದರೆ ಅದರ ತುಂಬ ಮಾವ ದಿನವೂ ಕಳಿಸುವ ಶುಭೋದಯದ ಚಿತ್ರಗಳು.

"ಯಾಕ ತಡಾ, ಅಳಿಯಾರ?"

"ನಿಮ್ಮ ಗುಲಾಬಿ ಹೂವ ಅಳಸಾಕತ್ತೀನ್ರಿ. ಹಾಂ, ಈಗ ಚೆಲ್ರಿ!"

ಚೆಲ್ಲಿದರು. ಚಿತ್ರ ಬಂತು. ಅಬ್ಬಾ, ಬಂತು! ಆದರೆ ಮಾವನ ಕಣ್ಣು ಮುಚ್ಚಿದ್ದವು.

"ಮಾವಾರ, ಕಣ್ಣ ತಗೀಬೇಕ್ರಿ. ಇನ್ನೊಮ್ಮೆ!"

"ಭೂಮಿತಾಯಿಗಿ ಕೊಡುವಾಗ ಕಣ್ಣ ತಾವ ಮುಚ್ಚತಾವ್ರಿ," ಎಂದರು ಪಾಪ. ಆದರೂ ಚೆಲ್ಲಿದರು. ಮತ್ತೆ ಮುಚ್ಚಿದವು. ಇನ್ನೊಮ್ಮೆ ನನ್ನದೇ ಹೆಬ್ಬೆರಳು ಅಡ್ಡ ಬಂತು. ಮತ್ತೊಮ್ಮೆ ಕಾಗೆ. ಅಷ್ಟರಲ್ಲಿ ಬುಟ್ಟಿ ಖಾಲಿ!

"ಒಂದ ಮುಟಗಿ ಮಣ್ಣ ತಗೊಂಡ ಬೀಸ್ರಿ ಮಾವಾರ, ಫೋಟೋದಾಗ ಗೊತ್ತಾಗೂದಿಲ್ಲ."

ಮಾವ ಮೊದಲ ಬಾರಿ ಗಂಭೀರರಾದರು. "ತಾಯಿಗಿ ಸುಳ್ಳ ಚರಗ ಚೆಲ್ಲಬಾರದ್ರಿ," ಎಂದರು.

ಹಾಗಾದರೆ ನಿಜವಾದದ್ದೇ ಬೇಕಲ್ಲ! ಅತ್ತೆ ಊಟದ ಗಂಟು ಬಿಚ್ಚಿ ಹೋಳಿಗೆ ಮುರಿದು ಕಲೆಸಿಕೊಟ್ಟರು. ಅದೂ ಹೋಯಿತು. ಕಡಬು ಹೋದವು, ಎಣ್ಣೆಗಾಯಿ ಹೋಯಿತು, ಸಜ್ಜೆ ರೊಟ್ಟಿಯೂ ಹೋಯಿತು. ತಾಲೂಕಿನ ಕಾಗೆಗಳೆಲ್ಲ ಬನ್ನಿ ಗಿಡಕ್ಕೆ ಬಂದವು. ಎಲ್ಲಿದ್ದವೋ, ನಾಯಿಗಳೂ ಬಂದವು.

"ರೀ, ಬಾಜೂ ಹೊಲದವರ್ನ ಊಟಕ್ಕ ಕರದೇವಿ! ಅವರಿಗಿ ಏನ ನೀಡೂದು?" ಶಶಿಕಲಾ ಹಲ್ಲು ಕಡಿದಳು.

"ಮೊಸರನ್ನ ಐತಲ್ಲ! ಇದs ಕಡೀದು!"

ಈ ಸಲ ತಪ್ಪಬಾರದು. ಹೊಲ, ಗಿಡ, ಮಾವ, ಕಾಗೆ ಎಲ್ಲವನ್ನೂ ಚೌಕಟ್ಟಿನಲ್ಲಿ ಹಿಡಿಯಬೇಕು. ಕಣ್ಣು ಮೊಬೈಲಿನಲ್ಲಿಟ್ಟು ಹಿಂದೆ ಸರಿದೆ. ಇನ್ನೂ ಸ್ವಲ್ಪ ಸರಿದೆ. "ಹುಲ್ಲುಲ್ಲಿಗೋ!" ಎಂದರು ಮಾವ. ನಾನು ಇನ್ನೊಂದು ಹೆಜ್ಜೆ ಹಿಂದಿಟ್ಟು, ಮೊಸರನ್ನದ ಬೋಗಾಣಿಯಲ್ಲಿ ಕುಳಿತೆ!

ತಣ್ಣಗಿತ್ತು. ಅದಕ್ಕಿಂತ ಹೆಚ್ಚಾಗಿ, ಏಳಲು ಬರುತ್ತಿರಲಿಲ್ಲ. ಒಂದು ನಾಯಿ ಸಂತೋಷದಿಂದ ನನ್ನ ಕೆನ್ನೆ ನೆಕ್ಕಿತು. ಅದೇ ಹೊತ್ತಿಗೆ ಬದುವಿನ ಮೇಲೆ ಊಟದ ಅತಿಥಿಗಳು ಸಾಲಾಗಿ ಬರುತ್ತಿದ್ದರು.

"ಪೆಟ್ಟಾತೇನ್ರಿ, ಅಳಿಯಾರ?" ಎಂದು ಅತ್ತೆ ಓಡಿ ಬಂದರು. ನಸುಕಿನಲ್ಲಿ ಎದ್ದು ಮಾಡಿದ ಅಡುಗೆಯೆಲ್ಲ ಹೊಲದ ಪಾಲಾದ ಮೇಲೂ ಅವರಿಗೆ ನನ್ನ ಪೆಟ್ಟಿನ ಚಿಂತೆ! ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನಾಚಿಕೆಯಿಂದ ನನಗೆ ಅಳುವೇ ಬಂತು. ಕೊನೆಗೆ ಅತಿಥಿಗಳೇ ನಮ್ಮನ್ನು ತಮ್ಮ ಹೊಲಕ್ಕೆ ಊಟಕ್ಕೆ ಕರೆದೊಯ್ದರು. ಮಾವನ ಧೋತರ ಸುತ್ತಿಕೊಂಡು ನಾನು ನಿಂತೇ ಉಂಡೆ.

ಸಂಜೆ ಮೊಬೈಲ್ ತೆರೆದೆ. ಕೊನೆಯ ಚಿತ್ರದಲ್ಲಿ ಆಕಾಶವಿತ್ತು. ಬರೀ ಆಕಾಶ.

ಬೆಳಗಾವಿಗೆ ಮರಳಿದ ಮೇಲೂ, ಆಫೀಸಿನವರಿಗೆ ಏನು ಸುಳ್ಳು ಹೇಳಲಿ ಎಂದು ಯೋಚಿಸುತ್ತಿರುವಾಗ ಶಿಬಿರದವರ ಫೋನ್ ಬಂತು. ನಮ್ಮ ಮನೆಯ ಚಿತ್ರ ಆಯ್ಕೆಯಾಗಿತ್ತು! ಕಳಿಸಿದವರು ಶಶಿಕಲಾ. ತಮ್ಮ ಮೊಬೈಲಿನಲ್ಲಿ ತೆಗೆದವರೂ ಶಶಿಕಲಾ!

ಪ್ರದರ್ಶನಕ್ಕೆ ಆಫೀಸಿನವರು ಒಬ್ಬರೂ ತಪ್ಪದೆ ಬಂದರು. ನಾನೇ ಕರೆದಿದ್ದೆನಲ್ಲ! ಗೋಡೆಯ ನಡುವೆ ದೊಡ್ಡ ಕಟ್ಟು. ಹಿಂದೆ ಮಂಜು, ಮೇಲೆ ಹಾರುವ ಅನ್ನದ ಅಗುಳು, ಕೈ ಎತ್ತಿದ ಮಾವ, ಕೆಳಗೆ ಬೋಗಾಣಿಯಲ್ಲಿ ಮಂಕಿ ಕ್ಯಾಪಿನ ನಾನು, ಪಕ್ಕದಲ್ಲಿ ನಾಯಿ. ಹೆಸರು: 'ಅಳಿಯ ಬಂದ ಹಬ್ಬ'. ಸುಲೋಚನಾ ಕಾಕು ಅದರ ಮುಂದೆ ರೇಷ್ಮೆ ಸೀರೆಯಲ್ಲಿ ನಿಂತು ಸೆಲ್ಫಿ ತೆಗೆದುಕೊಂಡರು. ಶಶಿಕಲಾ ಎಲ್ಲರಿಗೂ ಬೆಳಕು, ಮಂಜು ಎಂದೆಲ್ಲ ವಿವರಿಸುತ್ತಿದ್ದಳು.

ಖಾನಾಪುರದಿಂದ ಮಾವ ಹೊಸ ರುಮಾಲು ಸುತ್ತಿಕೊಂಡು ಬಂದಿದ್ದರು. ಚಿತ್ರವನ್ನು ಹತ್ತಿರದಿಂದ ನೋಡಿದರು, ದೂರದಿಂದ ನೋಡಿದರು, ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟರು.

"ಭಾಳ ಚಲೋ ಬಂದೈತಿ, ಅಳಿಯಾರ. ನೋಡ್ರಿ, ನನ್ನ ಕಣ್ಣ ಪೂರಾ ತೆರದಾವ! ಆದ್ರ ನಿಮ್ಮವs ಮುಚ್ಚ್ಯಾವ. ಬರೂ ಅಮವಾಸಿಗಿ ಇನ್ನೊಮ್ಮೆ ಕುಂದರ್ತೀರೇನ್ರಿ?"

ಹೂಂ ಎಂದೆ. ಆ ದಿನ ನನ್ನ 'ಇನ್ನೊಮ್ಮೆ'ಗೆ ಅವರು ಒಮ್ಮೆಯೂ ಇಲ್ಲ ಎಂದಿರಲಿಲ್ಲ.