ಕೊಲೆಗಾರನ ಕೈಬಳೆ

ಮೀನು ಮಾರುವವಳ ಬುಟ್ಟಿಯ ಸುತ್ತ ದಿನಕ್ಕೊಂದಾದರೂ ನಗುವ ಸಂಗತಿ ನಡೆಯದೆ ಇರುವುದಿಲ್ಲ. ನಾನು ಮೂವತ್ತು ವರ್ಷದಿಂದ ಹೊನ್ನಾವರದ ಮೀನು ಮಾರ್ಕೆಟ್ಟಿನಲ್ಲಿ ಕೂತವಳು. ಊರಿನ ಅರ್ಧ ಸುದ್ದಿ ನನ್ನ ಎದುರಿಗೇ ಹುಟ್ಟುತ್ತದೆ, ಉಳಿದರ್ಧ ನಾನು ಮೀನು ಕೊಯ್ದು ಮುಗಿಸುವುದರೊಳಗೆ ಬಂದು ಸೇರುತ್ತದೆ. ಆದರೆ ಕಳೆದ ವರ್ಷದ್ದು ಊರವರ ಸುದ್ದಿಯಲ್ಲ, ನನ್ನದೇ. ನಾಲ್ಕು ತಿಂಗಳು ಅದನ್ನು ಯಾರಿಗೂ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ. ಮಾತಾಡಿಯೇ ಬದುಕುವ ನನ್ನಂಥವಳಿಗೆ ಅದು ಎಷ್ಟು ಕಷ್ಟ ಎಂದು ನೀವೇ ಯೋಚಿಸಿ.

ನನ್ನ ಮನೆ ಮಾವಿನಕುರ್ವೆಯಲ್ಲಿ. ನಮ್ಮನೆಯವರು ಭಟ್ಕಳ ಬಂದರಿನಿಂದ ಹೊರಡುವ ಒಂದು ಬೋಟಿನಲ್ಲಿ ಕೆಲಸಕ್ಕಿದ್ದಾರೆ. ಹೋದರೆ ಎಂಟು ದಿನ, ಕೆಲವೊಮ್ಮೆ ಹತ್ತು ದಿನ. ಅವರು ಕಡಲಲ್ಲಿರುವಾಗ ನಾನು ಕೈಯ ಗಾಜಿನ ಬಳೆ ಕಳಚುವುದಿಲ್ಲ, ಒಡೆಯಲು ಬಿಡುವುದಿಲ್ಲ. ಬಳೆ ಒಡೆದರೆ ಗಂಡನನ್ನು ಕಡಲು ತಗೊಂಡು ಹೋಗುತ್ತದೆ ಎಂದು ನನಗೆ ನನ್ನ ಅತ್ತೆ ಹೇಳಿಕೊಟ್ಟದ್ದು, ಅವರಿಗೆ ಅವರ ಅತ್ತೆ. ನಿಜವೋ ಸುಳ್ಳೋ ಎಂದು ಪರೀಕ್ಷೆ ಮಾಡಿ ನೋಡುವ ವಿಷಯವಲ್ಲವಲ್ಲ ಅದು!

ಹೀರೋನ ಹೆಬ್ಬೆರಳು

ಹೊಳನಗದ್ದೆಯಲ್ಲಿ ಒಂದು ಮನೆ ಹಿಡಿದು ಟಿವಿ ಧಾರಾವಾಹಿಯ ಶೂಟಿಂಗು ಮಾಡುತ್ತಿದ್ದರು. ಅವರೆಲ್ಲ ಉಳಿದುಕೊಂಡದ್ದು ಹೊನ್ನಾವರದ ಲಾಡ್ಜಿನಲ್ಲಿ. ಅವರ ಮ್ಯಾನೇಜರು ಮೂರು ದಿನ ಬೆನ್ನುಬೆನ್ನಿಗೆ ಬಂದು ನನ್ನಿಂದ ಒಂದೊಂದು ಇಡೀ ಇಸವಾಣ ಕೊಂಡುಹೋದ. ತೋಳುದ್ದದ ಮೀನು. ಕೊಯ್ದುಕೊಡುತ್ತೇನೆ ಎಂದರೆ ಬೇಡವೇ ಬೇಡ ಎನ್ನುತ್ತಿದ್ದ. ಮೂರನೇ ದಿನ ನನಗೆ ತಡೆಯಲಿಲ್ಲ.

“ದಿನಾ ಇಷ್ಟು ದೊಡ್ಡ ಮೀನು ತಿಂತ್ರಲ್ಲ, ಎಷ್ಟು ಜನ ಇದ್ರಿ?” ಎಂದೆ.

“ತಿನ್ನೋಕಲ್ಲ ಅಮ್ಮಾ, ಕೊಯ್ಯೋಕೆ. ನಮ್ಮ ಹೀರೋನೇ ಕೊಲೆಗಾರ. ಅವರು ಮನೆಯಲ್ಲಿ ಮೀನು ಕೊಯ್ಯೋ ಸೀನಿದೆ. ಮೂರು ದಿನದಿಂದ ಪ್ರಯತ್ನ ಮಾಡ್ತಾ ಇದಾರೆ.”

“ಮೀನಿಗೆ ಎಂತ ಆತು?”

“ಮೀನಿಗೇನೂ ಆಗಿಲ್ಲ. ಹೀರೋನ ಹೆಬ್ಬೆರಳಿಗೆ ನಾಲ್ಕು ಹೊಲಿಗೆ.”

ಕಥೆಯನ್ನೂ ಅವನೇ ಹೇಳಿದ. ಹೀರೋ ಒಂದು ಆಫೀಸಿನ ಸಾಧು ಗುಮಾಸ್ತ. ಹೆಂಡತಿಯ ಮೇಲೆ ಎಷ್ಟು ಪ್ರೀತಿ ಎಂದರೆ ಭಾನುವಾರ ತಾನೇ ಮೀನು ಕೊಯ್ದು ಸಾರು ಮಾಡಿ ಬಡಿಸುತ್ತಾನೆ. ಆದರೆ ಆ ಹೆಂಡತಿಗೇ ಗೊತ್ತಿಲ್ಲದ ಇನ್ನೊಂದು ಬಾಳು ಅವನಿಗುಂಟು. ಅದರಲ್ಲಿ ಅವನು ಮೂರು ಜನರ ಕೊಲೆ ಮಾಡಿದವನು. ಮೀನು ಕೊಯ್ಯುವಾಗ ಅವನ ಕೈಯ ಚುರುಕು ನೋಡಿಯೇ ಜನ ಹೆದರಬೇಕು.

ಇಷ್ಟು ಹೇಳಿ ಅವನು ನನ್ನ ಮುಖ ನೋಡಲಿಲ್ಲ, ಕೈ ನೋಡಿದ. “ಅಮ್ಮಾ, ನಾಳೆ ಅರ್ಧ ದಿನ ಬರ್ತೀರಾ? ಮುಖ ಅವರದು, ಕೈ ಮಾತ್ರ ನಿಮ್ಮದು. ಆದರೆ ಯಾರಿಗೂ ಹೇಳಬಾರದು.”

ಮೂರು ಕೊಲೆ ಮಾಡಿದವನಿಗೆ ಒಂದು ಮೀನು ಕೊಯ್ಯಲು ನನ್ನ ಕೈ ಬೇಕಾಯಿತಲ್ಲ ಎಂದು ನಗು ಬಂತು. ಹೂಂ ಎಂದೆ.

ರೋಮ ಬಂತು, ಬಳೆ ಹೋಗಲಿಲ್ಲ

ಹೊಳನಗದ್ದೆಗೆ ಹೋದ ಕೂಡಲೇ ಮೇಕಪ್ಪಿನವನು ನನ್ನ ಕೈ ಹಿಡಿದು ನೋಡಿದ. “ಸ್ವಲ್ಪ ರೋಮ ಬೇಕು” ಎಂದ. ಅಂಟು ಹಚ್ಚಿ, ಒಂದೊಂದೇ ಎಳೆ ತೆಗೆದು ಬೆರಳಿನ ಹಿಂದೆಲ್ಲ ಅಂಟಿಸಿದ. ಆಮೇಲೆ ಹೀರೋನ ನೀಲಿ ತುಂಬುತೋಳಿನ ಅಂಗಿ ತಂದು ಸೀರೆಯ ಮೇಲೇ ತೊಡಿಸಿದರು. ಕನ್ನಡಿಯಲ್ಲಿ ನೋಡಿದರೆ ನನ್ನ ತಮ್ಮನೇ ಸೀರೆ ಉಟ್ಟು ನಿಂತ ಹಾಗಿತ್ತು.

ಕೊನೆಗೆ ಡೈರೆಕ್ಟರು, “ಬಳೆ ತೆಗೀರಿ ಅಮ್ಮಾ” ಎಂದರು.

“ಬಳೆ ತೆಗೂದಿಲ್ಲ.”

“ಐದೇ ನಿಮಿಷ. ಮತ್ತೆ ಹಾಕ್ಕೊಳ್ಳಿ.”

“ನಮ್ಮನೆಯವ್ರು ಈಗ ಕಡಲಲ್ಲಿ ಇದ್ರು. ಐದು ನಿಮಿಷ ಅಂದ್ರೆ ಕಡಲಿಗೆ ಕಡಿಮೆಯಾ?”

ಅವರು ವಾದಿಸಲಿಲ್ಲ. ಬಳೆಗಳನ್ನೆಲ್ಲ ಮೊಣಕೈಯ ತನಕ ಏರಿಸಿ, ರಬ್ಬರ್ ಬ್ಯಾಂಡ್ ಹಾಕಿ, ಅಂಗಿಯ ತೋಳಿನೊಳಗೆ ಮುಚ್ಚಿ ಗುಂಡಿ ಹಾಕಿದರು.

ನಾವು ಮೀನು ಕೊಯ್ಯುವುದು ಮೆಟ್ಟುಗತ್ತಿಯಲ್ಲಿ. ಹಲಗೆಯನ್ನು ಕಾಲಲ್ಲಿ ಮೆಟ್ಟಿ, ನೆಟ್ಟಗೆ ನಿಂತ ಅಲಗಿಗೆ ಮೀನನ್ನು ಒತ್ತುವುದು. ಕ್ಯಾಮೆರಾ ಕೈಯ ಹತ್ತಿರ ಬಂತು. ನಾನು ಕಿವಿರು ತೆಗೆದೆ, ಹೊಟ್ಟೆ ಸೀಳಿದೆ, ತುಂಡು ಮಾಡಲು ಬಲ ಹಾಕಿ ಒತ್ತಿದೆ. ರಬ್ಬರ್ ಬ್ಯಾಂಡ್ ಟಪ್ಪೆಂದಿತು. ಬಳೆಗಳೆಲ್ಲ ಜಿಲ್ ಎಂದು ಕೆಳಗೆ ಜಾರಿದವು. ಒಂದು ಅಲಗಿಗೆ ಬಡಿದು ಒಡೆದು, ಹಸಿರು ಚೂರು ಮೀನಿನ ಮೇಲೆ ಬಿತ್ತು.

ಡೈರೆಕ್ಟರು ತಲೆ ಮೇಲೆ ಕೈ ಹೊತ್ತು, “ಇನ್ನೊಂದು ಸಲ ಮಾಡೋಣ” ಎಂದರು. ಮ್ಯಾನೇಜರು ಮೆಲ್ಲಗೆ, “ಸಾರ್, ಮೀನು ಮುಗೀತು” ಎಂದ. ಎಲ್ಲರೂ ನನ್ನ ಪಕ್ಕದ ಬುಟ್ಟಿ ನೋಡಿದರು. ಅಭ್ಯಾಸಬಲ, ಬಳೆ ಒಡೆದರೂ ಕೈ ನಿಂತಿರಲಿಲ್ಲ, ನಾನು ಆಗಲೇ ಇಡೀ ಇಸವಾಣವನ್ನು ಸಾರಿಗೆ ತುಂಡು ಮಾಡಿ ಇಟ್ಟುಬಿಟ್ಟಿದ್ದೆ.

ಎರಡು ದಿನ

ಕುಮಟೆಯ ಬಸ್‌ಸ್ಟ್ಯಾಂಡಿನ ಹತ್ತಿರದ ಬಳೆ ಅಂಗಡಿಗೆ ಓಡಿದೆ. ಅಂಥದ್ದೇ ಬಳೆ, ಹಸಿರು ಗಾಜಿನ ಮೇಲೆ ಬಂಗಾರದ ಚುಕ್ಕೆ ಇರುವುದು, ಸಿಕ್ಕಿತು. ಅಂಗಡಿಯವನು ಬಳೆ ಏರಿಸುವಾಗ ನನ್ನ ಕೈಯ ರೋಮ ನೋಡಿದ, ಮುಖ ನೋಡಿದ, ಏನೂ ಕೇಳಲಿಲ್ಲ. ವ್ಯಾಪಾರ ಗೊತ್ತಿದ್ದ ಮನುಷ್ಯ.

ಮನೆಗೆ ಬಂದು ತೆಂಗಿನ ನಾರಿನಲ್ಲಿ ಕೈ ತಿಕ್ಕಿದೆ. ರೋಮ ಹೋಯಿತು, ಹೆದರಿಕೆ ಹೋಗಲಿಲ್ಲ. ಮರುದಿನ ಬರಬೇಕಾದ ಬೋಟು ಬರಲಿಲ್ಲ. ಫೋನು ಹೋಗುತ್ತಿರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಅತ್ತೆಯ ಮಾತೇ ಕಿವಿಯಲ್ಲಿ. ಅರ್ಧ ದಿನದ ಚಪಲಕ್ಕೆ ಗಂಡನ ಜೀವವನ್ನೇ ಅಲಗಿಗೆ ಕೊಟ್ಟೆನಲ್ಲ ಎಂದು ನನ್ನ ಕೈಯನ್ನು ನಾನೇ ಶಪಿಸಿಕೊಂಡೆ.

ಆ ಎರಡು ದಿನವೂ ನಾನು ಮಾರ್ಕೆಟ್ಟಿಗೆ ಹೋದೆ. ಬಂದವರ ಜೊತೆ ತಮಾಷೆ ಮಾಡಿದೆ, ಬಂಗಡೆಯ ಕಣ್ಣು ತೋರಿಸಿ ತಾಜಾ ಎಂದೆ, ಚೌಕಾಸಿ ಮಾಡಿದವರ ಜೊತೆ ಜಗಳ ಆಡಿದೆ. ನನ್ನೊಳಗೆ ಏನಾಗುತ್ತಿದೆ ಎಂದು ಒಬ್ಬರಿಗೂ ತಿಳಿಯಲಿಲ್ಲ. ಕೊಲೆಗಾರನೊಬ್ಬನಿಗೇ ಎರಡು ಬಾಳು ಅಂದವರು ಯಾರು? ಬೋಟಿಗೆ ಗಂಡನನ್ನು ಕಳಿಸಿದ ಹೆಂಗಸರಿಗೆಲ್ಲ ಅದು ಇದ್ದದ್ದೇ.

ಮೂರನೇ ದಿನ ಬೆಳಿಗ್ಗೆ ನಮ್ಮನೆಯವರು ನೇರ ಮಾರ್ಕೆಟ್ಟಿಗೇ ಬಂದು ಎದುರಿಗೆ ನಿಂತರು. ಎಂಜಿನ್ ಕೆಟ್ಟಿತ್ತಂತೆ, ಬೇರೆ ಬೋಟು ಎಳೆದು ತಂದಿತಂತೆ. ನನಗೆ ಅಳು ಬಂತು. ಅಳುವುದನ್ನು ಬಿಟ್ಟು, “ಎರಡು ದಿವ್ಸ ಎಲ್ಲಿ ಸತ್ತಿದ್ರಿ?” ಎಂದು ಬೈದೆ. ಅವರು ಪಕ್ಕದ ಬುಟ್ಟಿಯವಳಿಗೆ, “ಎಲ್ಲಾ ಸಮ ಅದೆ. ಬೈತಳಲ್ಲ, ಹುಶಾರಾಗೇ ಇದ್ದಳು” ಎಂದು ಹೇಳಿ ಮನೆಗೆ ನಡೆದರು.

ಬಳೆಯ ವಿಷಯ ಹೇಳಲಿಲ್ಲ. ಇನ್ನು ಯಾವಾಗಲೂ ಹೇಳುವುದಿಲ್ಲ ಎಂದು ನಿಶ್ಚಯ ಮಾಡಿದೆ. ತಿಳಿದರೆ, ಮುಂದೆ ಕಡಲಲ್ಲಿ ಗಾಳಿ ಎದ್ದಾಗೆಲ್ಲ ಅವರಿಗೆ ನನ್ನ ಕೈಯೇ ನೆನಪಾದೀತಲ್ಲ.

ಸಂಜೆ ಏಳು ಗಂಟೆ

ಒಂದೂವರೆ ತಿಂಗಳ ಮೇಲೆ ಆ ಕಂತು ಟಿವಿಯಲ್ಲಿ ಬಂತು. ಬೇರೆ ಮೀನು ಇಲ್ಲದ್ದರಿಂದ ಅದೇ ದೃಶ್ಯ ಹಾಕಿದ್ದರು. ಜಿಲ್ ಎಂಬ ಸದ್ದೂ ಇತ್ತು, ಹಸಿರು ಚೂರೂ ಇತ್ತು. ಇಡೀ ಕರಾವಳಿಗೆ ಹುಚ್ಚು ಹಿಡಿಯಿತು. ಆ ಬಳೆ ಯಾರದು? ಕೊಲೆಯಾದವಳದೋ, ಇನ್ನು ಕೊಲ್ಲಬೇಕಾದವಳದೋ? ಅಂಗಿಯೊಳಗೆ ಏಕಿಟ್ಟುಕೊಂಡಿದ್ದಾನೆ?

ಜನ ಮಾತಾಡಿದ್ದೇ ತಡ, ಧಾರಾವಾಹಿಯವರು ಆ ಚೂರನ್ನು ದಿನಾ ಕಥೆ ಶುರುವಾಗುವ ಮೊದಲು ದೊಡ್ಡದಾಗಿ ತೋರಿಸತೊಡಗಿದರು. ನಾನು ಊರಿಗೆಲ್ಲ ಮುಚ್ಚಿಟ್ಟದ್ದು ಸಂಜೆ ಏಳು ಗಂಟೆಗೆ ಮನೆಮನೆಯಲ್ಲೂ ಬೀಳುತ್ತಿತ್ತು. ನಮ್ಮನೆಯವರು ಊರಲ್ಲಿರುವ ದಿನ ಏಳಕ್ಕೆ ಸರಿಯಾಗಿ ನಾನು ಟಿವಿಯ ಎದುರು ಕಸ ಗುಡಿಸುತ್ತಿದ್ದೆ. ದೀಪ ಹಚ್ಚಿದ ಮೇಲೆ ಕಸ ಗುಡಿಸಬಾರದು ಎಂಬ ಅತ್ತೆಯ ಇನ್ನೊಂದು ಮಾತನ್ನೂ ಆಗ ಮುರಿದೆ.

ಮಾರ್ಕೆಟ್ಟಿನಲ್ಲಿ ಹೈಸ್ಕೂಲಿನ ಮಾಸ್ತರರೊಬ್ಬರು, “ಆ ಕೈ ನೋಡಿದ್ರೆ ಅವನು ಹುಟ್ಟಾ ಕ್ರೂರಿ ಅಂತ ತಿಳೀತದೆ” ಎನ್ನುತ್ತ ನನ್ನ ಕೈಯಿಂದಲೇ ಮೀನು ತಗೊಂಡರು. ಪಕ್ಕದ ಬುಟ್ಟಿಯವಳು ಮಾತ್ರ ಜಾಣೆ.

“ಬೆಂಗ್ಳೂರಿನವ್ರು ಮೆಟ್ಟುಗತ್ತಿಯಲ್ಲಿ ಕೂತು ಹೀಂಗೆ ಕೊಯ್ತ್ರಾ? ಅದು ನಮ್ಮ ಬದಿಯ ಕೈಯೇ” ಎಂದಳು. ನಾನು ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ.

“ಯಾರದು ಹೇಳು ಕಾಂಬ?” ಎಂದೆ.

ಅವಳು ಬೆರಳು ಮಡಚಿ ಊರವರನ್ನೆಲ್ಲ ಎಣಿಸಿದಳು. “ಯಾರದೋ ಗುತ್ತಿಲ್ಲ. ಆದ್ರೆ ಗಂಡಸಿಂದೇ. ಹೆಂಗಸಿನ ಕೈ ಅಷ್ಟು ಒಡ್ಡೊಡ್ಡು ಇರೂದಿಲ್ಲ.”

ಹೀರೋನ ತಪಸ್ಸು

ಒಂದು ದಿನ ಹೀರೋ ಟಿವಿಯಲ್ಲಿ ಕೂತು ಮಾತಾಡಿದ. ಪಾತ್ರಕ್ಕಾಗಿ ಮೂರು ತಿಂಗಳು ಕಡಲತಡಿಯಲ್ಲಿ ಇದ್ದನಂತೆ, ಮೀನು ಕೊಯ್ಯುವುದನ್ನು ತಪಸ್ಸಿನ ಹಾಗೆ ಕಲಿತನಂತೆ. ಹೆಬ್ಬೆರಳಿನ ಗಾಯ ತೋರಿಸಿ, “ಇದು ಆ ತಪಸ್ಸಿನ ಗುರುತು” ಎಂದ. ಅಷ್ಟು ಮಾತ್ರ ನಿಜ.

ನನ್ನ ಪಿತ್ತ ನೆತ್ತಿಗೇರಿತು. ನನ್ನ ಕೈ, ನನ್ನ ಬಳೆ, ಎರಡು ದಿನದ ನನ್ನ ಸಂಕಟ. ಚಪ್ಪಾಳೆ ಮಾತ್ರ ಅವನಿಗೆ. ನಾಳೆ ಎಲ್ಲರಿಗೂ ಹೇಳಿಯೇಬಿಡುತ್ತೇನೆ ಎಂದುಕೊಂಡೆ. ಆಮೇಲೆ ನಮ್ಮನೆಯವರು ಕಡಲಲ್ಲಿರುವುದು ನೆನಪಾಗಿ ನಾಲಿಗೆ ಕಚ್ಚಿಕೊಂಡೆ.

ಮರುದಿನ ಇಪ್ಪತ್ತು ವರ್ಷದಿಂದ ನನ್ನಲ್ಲೇ ಕೊಳ್ಳುವ ಗಿರಾಕಿಯೊಬ್ಬರು, ಭಟ್ಕಳದಿಂದ ಇಲ್ಲಿಗೆ ಮದುವೆಯಾಗಿ ಬಂದವರು, ನಾನು ಕೊಯ್ದ ನೊಗಲಿ ಮೀನನ್ನು ತಿರುಗಿಸಿ ತಿರುಗಿಸಿ ನೋಡಿದರು. “ಹೊಟ್ಟೆ ಹತ್ರ ಪೊರೆ ಉಳಿದದೆ ನೋಡು. ಆ ಹುಡುಗ ಮೂರೇ ತಿಂಗಳಲ್ಲಿ ಎಷ್ಟು ಚೆಂದ ಕಲ್ತ! ಸ್ವಲ್ಪ ಅವನ್ನ ನೋಡಿ ಕಲಿ ಮಾರಾಯ್ತಿ.”

ಬಂಗಡೆ ಊಟ

ಧಾರಾವಾಹಿಯ ಕೊನೆಯ ಕಂತು ಬಂತು. ಅದರ ಮರುದಿನ ನಮ್ಮನೆಯವರು ಕಡಲಿಂದ ಬಂದರು. ಮಧ್ಯಾಹ್ನ ಅದೇ ಕಂತನ್ನು ಮತ್ತೆ ಹಾಕುತ್ತಾರೆಂದು ನನಗೆ ಗೊತ್ತಿರಲಿಲ್ಲ. ಊಟಕ್ಕೆ ಬಡಿಸಿ, ಬಂಗಡೆ ಹುರಿದು ತರುವಷ್ಟರಲ್ಲಿ ಅವರು ಟಿವಿ ಹಾಕಿ ಕೂತಿದ್ದರು. ಕಸಬರಿಗೆ ಹುಡುಕಿದೆ, ಸಿಗಲಿಲ್ಲ.

ಕೊಲೆಗಾರನ ಹೆಂಡತಿಗೆ ಸಾರಿನಲ್ಲಿ ಹಸಿರು ಬಳೆಯ ಚೂರು ಸಿಕ್ಕಿತು. ಅವಳ ಕೈಯಲ್ಲಿದ್ದದ್ದು ಕೆಂಪು ಬಳೆ. ಅಲ್ಲಿಗೆ ಅವಳಿಗೆ ಎಲ್ಲ ತಿಳಿಯಿತು. ಪೋಲೀಸರು ಬಂದರು, ಅವನು ಓಡಿದ, ದಡದಲ್ಲಿದ್ದ ದೋಣಿ ಹತ್ತಿದ. ಗಾಳಿ ಎದ್ದಿತು. ದೋಣಿ ಮಗುಚಿ ಕಡಲು ಅವನನ್ನು ನುಂಗಿತು. ಮುಗಿಯಿತು.

ನಮ್ಮನೆಯವರು ಬಂಗಡೆಯ ಮುಳ್ಳು ಬಿಡಿಸುತ್ತಿದ್ದರು. ಆಮೇಲೆ, “ಬಂದರಿಗೆ ಬಂದ ಕೂಡ್ಲೆ ಬೋಟಿನವ್ರೆಲ್ಲ ಫೋನಲ್ಲಿ ಇದ್ನೇ ನೋಡ್ತ್ರು. ಕೊಲೆಗಾರನ ಕೈ ಭಾರಿ ಚುರುಕು ಅಂತ್ರು. ನಂಗೆ ನಗು” ಎಂದರು.

“ಎಂತಕ್ಕೆ ನಗು?”

“ಮೂವತ್ತು ವರ್ಷ ಆ ಕೈಯಲ್ಲಿ ಉಂಡವ ನಾನು. ರೋಮ ಅಂಟ್ಸಿದ್ರೆ ಗುರ್ತ ಸಿಕ್ಕೂದಿಲ್ವನೆ? ಅವಂಗೆ ಅಷ್ಟು ಚೆಂದ ಕೊಯ್ದು ಕೊಟ್ಟಿ. ನಂಗೆ ಮಾತ್ರ ಈ ಬಂಗಡೆ ತಲೆ ಸಮೇತ ಹಾಕಿದೆ.”

ನಾನು ಅವರ ಎದುರು ಕೂತೆ. ಅಂಗಿ, ರಬ್ಬರ್ ಬ್ಯಾಂಡ್, ಎರಡು ದಿನ, ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ. “ನೀವು ಕಡಲಲ್ಲಿದ್ದಾಗ ಬಳೆ ಒಡ್ದೆ. ಎಂಜಿನ್ ಕೆಟ್ಟದ್ದು ಅದ್ಕೇ. ಇನ್ನು ಮುಂದೆ ಎಂತ ಆಗ್ತದೋ ಅಂತ ನಂಗೆ ಈಗ್ಲೂ ಹೆದ್ರಿಕೆ.”

ಅವರು ಎಂಜಲು ಕೈ ತೊಳೆಯದೆಯೇ ನನ್ನ ಒಡ್ಡು ಕೈಯನ್ನು ಎಡಗೈಯಲ್ಲಿ ಹಿಡಿದು, ಬಳೆಗಳನ್ನು ಒಂದೊಂದಾಗಿ ಸರಿಸಿ ನೋಡಿದರು.

“ಹುಚ್ಚಿ” ಎಂದರು. “ಆವಾಗ ಆ ಕೈ ಯಾರದಾಗಿತ್ತು? ಕೊಲೆಗಾರಂದು. ಅಂಗಿ ಅವಂದು, ರೋಮ ಅವಂದು. ಬಳೆ ಒಡ್ದದ್ದೂ ಅವನ ಕೈಯಲ್ಲೇ. ನಿನ್ನ ಅತ್ತೆ ಮಾತು ಸುಳ್ಳಾಗ್ಲಿಲ್ಲ ನೋಡು. ಕಡಲು ಅವನ್ನೇ ತಕಂಡು ಹೋತು.”