ಡೇಲಿಯಾದ ಕುತ್ತಿಗೆಗೆ ತಂತಿ

ಹೂ ಬಾಡಬಹುದಿತ್ತು. ಪೆರಾಬೆಯಿಂದ ಕಡಬಕ್ಕೆ ಹೋಗುವಷ್ಟರಲ್ಲಿ ಆಟೋ ಕೆಟ್ಟು ನಿಲ್ಲಬಹುದಿತ್ತು. ಮಾವಿನ ಹೂವಿನಿಂದ ಇಳಿದ ಕೆಂಪಿರುವೆ ಮದುಮಗನ ಕಾಲರಿನೊಳಗೆ ಪ್ರವೇಶಿಸಬಹುದಿತ್ತು. ಹೂದಾನಿ ಉರುಳಿ, ನೀರು ವೈರಿಗೆ ತಾಗಿ, ಮೈಕಿನವರಿಗೆ ಶಾಕ್ ಹೊಡೆದು, ಮದುವೆಯೇ ನಿಂತು, ಎರಡೂ ಕುಟುಂಬದವರು ಒಕ್ಕೊರಲಿನಿಂದ ಪೊಲೀಸರಿಗೆ ನನ್ನ ಹೆಸರು ಹೇಳಬಹುದಿತ್ತು! ಇದೆಲ್ಲವನ್ನೂ ನಾನು ಮೊದಲೇ ಯೋಚಿಸಿ, ಕ್ರಮಸಂಖ್ಯೆ ಹಾಕಿ ಬರೆದಿಟ್ಟಿದ್ದೆ. ನನ್ನ ಗಂಡ ಚಿಂತೆ ಮಾಡುವವರಲ್ಲ. ಅವರ ಪಾಲಿನದ್ದನ್ನೂ ಮದುವೆಯಾದಂದಿನಿಂದ ನಾನೇ ಮಾಡುತ್ತಾ ಬಂದಿದ್ದೇನೆ.

ವಿಷಯ ಇಷ್ಟೆ. ಇಪ್ಪತ್ತೆರಡು ವರ್ಷ ಊರವರ ನೈಟಿ, ಬ್ಲೌಸು, ಶಾಲೆಯ ಯೂನಿಫಾರ್ಮು ಹೊಲಿದು ನನ್ನ ಕಣ್ಣು ಸೋತಿದೆ. ಸೂಜಿಗೆ ನೂಲು ಪೋಣಿಸಲು ಈಗ ನೆರೆಮನೆಯವರನ್ನು ಕರೆಯಬೇಕು. ಹಾಗಾಗಿ ಇನ್ನು ಹೂವಿನ ಅಲಂಕಾರವೇ ನನ್ನ ಉದ್ಯೋಗ ಎಂದು ತೀರ್ಮಾನಿಸಿದೆ. ಅಂಗಳದ ಡೇಲಿಯಾಗಳನ್ನು ಹೊಗಳದೆ ಹೋದವರಿಲ್ಲ. ಇದಕ್ಕಿಂತ ಹೆಚ್ಚಿನ ಅರ್ಹತೆ ಏನು ಬೇಕು? ಬಾಲ್ಯದ ಗೆಳತಿ ಖತೀಜ ಧೈರ್ಯ ಮಾಡಿ ಮಗಳ ಮದುವೆಯ ವೇದಿಕೆಯನ್ನು ನನಗೆ ಒಪ್ಪಿಸಿದಳು. ಮೊದಲ ಆರ್ಡರ್! ಗೆದ್ದರೆ ಇನ್ನೂ ನಾಲ್ಕು ಸಿಗುತ್ತವೆ. ಸೋತರೆ ಮತ್ತೆ ಸೂಜಿ.

ರಂಝಾನ್ ಹಿಡಿಯುವ ಮೊದಲಿನ ಕೊನೆಯ ಭಾನುವಾರ ಮದುವೆ. ಚಳಿಗಾಲದ ಡೇಲಿಯಾ, ಸೇವಂತಿಗೆ ಇನ್ನೂ ಮುಗಿದಿರಲಿಲ್ಲ. ಗುಡ್ಡೆಯಲ್ಲಿ ಕೆಂಪು ಕೇಪುಳ ಅರಳಿತ್ತು. ನಮ್ಮ ಕಕ್ಕೆ ಮರವೂ ನನ್ನ ಹಾಗೆ ಗಾಬರಿ ಬಿದ್ದು ಕಾಲಕ್ಕೆ ಮೊದಲೇ ಹಳದಿ ಗೊಂಚಲು ಇಳಿಸಿತ್ತು.

"ಹೋಗುವ ಋತು ಬರುವ ಋತುವಿಗೆ ಸಲಾಂ ಹೇಳುವ ಹಾಗೆ ಜೋಡಿಸುದು. ಎರಡು ಕುಟುಂಬ ಸೇರುವ ಹಾಗೆ," ಎಂದು ಖತೀಜಳಿಗೆ ವಿವರಿಸಿದೆ.

"ಅದರಲ್ಲಿ ಹೋಗುವ ಋತು ನಮ್ಮದಾ?" ಎಂದಳು.

ವಿವರಣೆ ನಿಲ್ಲಿಸಿದೆ.

ಮದುವೆಯ ದಿನ ಬೆಳಿಗ್ಗೆ ಕೊಯ್ದ ಡೇಲಿಯಾಗಳಲ್ಲಿ ಒಂದರ ತಲೆ ತುಸು ವಾಲಿದಂತೆ ಕಂಡಿತು. ಕಾಲರು ಬಾಗದಂತೆ ಒಳಗೆ ಕ್ಯಾನ್ವಾಸ್ ಕೊಟ್ಟು ಪಳಗಿದ ಕೈ ಸುಮ್ಮನಿರುತ್ತದೆಯೇ? ಅದರ ಕುತ್ತಿಗೆಗೆ ಸಣ್ಣ ತಂತಿ ತೂರಿಸಿದೆ. ಒಂದಕ್ಕೆ ಕೊಟ್ಟು ಉಳಿದವಕ್ಕೆ ಕೊಡದಿದ್ದರೆ ಹೇಗೆ? ಎಲ್ಲವೂ ಪೊಲೀಸ್ ಪರೇಡಿನಂತೆ ಎದೆ ಸೆಟೆದು ನಿಂತವು. ಈಗ ಎಸಳುಗಳ ಅಂಚು ಏರುಪೇರಾಗಿ ಕಂಡಿತು. ಟೇಪು ಹಿಡಿದು, ಕತ್ತರಿಯಿಂದ ಸಮ ಮಾಡಿದೆ. ಇರುವೆಯ ಭಯಕ್ಕೆ ಮಾವಿನ ಹೂವನ್ನು ಸೋಪು ನೀರಿನಲ್ಲಿ ಅದ್ದಿದೆ. ಇರುವೆ ಹೋಯಿತು. ಪರಿಮಳವೂ ಹೋಯಿತು. ಕೊನೆಗೆ ಎಲೆಗಳಿಗೆ ತೆಂಗಿನೆಣ್ಣೆ ಒರೆಸುತ್ತಿರುವಾಗ ಗಂಡ ಹೊರಗೆ ಬಂದರು.

"ಎಂತ ಮಾರಾಯ್ತಿ, ಹೂವಿಗೂ ಎಣ್ಣೆ ಹಚ್ಚುದಾ? ಇನ್ನು ಜಡೆ ಹಾಕುದು ಮಾತ್ರ ಬಾಕಿ."

"ನೀವು ಆಟೋ ನಿಧಾನ ಬಿಡಿ."

"ಸ್ಟಾರ್ಟೇ ಆಗ್ಲಿಲ್ಲ, ಆಗ್ಲೇ ನಿಧಾನವಾ?"

ದಾರಿಯಲ್ಲಿ ನಡೆದು ಹೋಗುತ್ತಿದ್ದ ಇಬ್ಬರು ನಮ್ಮನ್ನು ಹಿಂದಿಕ್ಕಿದರು. ಆದರೂ ಒಂಬತ್ತು ಗಂಟೆಗೆ ವೇದಿಕೆ ಸಿದ್ಧ. ಹೂ ಬಾಡಲಿಲ್ಲ. ಇರುವೆ ಇಳಿಯಲಿಲ್ಲ. ಮೈಕಿನವರು ಕ್ಷೇಮ. ಎಲ್ಲವೂ ಸರಿಯಾಗಿದೆ ಎಂಬುದೇ ನನಗೆ ಹೊಸ ಭಯವಾಗಿ, ಕಂಬದ ಹಿಂದೆ ನಿಂತು ಉಗುರು ಕಚ್ಚತೊಡಗಿದೆ. ಜನ ಬಂದರು, ಹೂವಿನ ಎದುರು ಫೋಟೊ ತೆಗೆದರು. ಆದರೆ ಒಬ್ಬರೂ ಮೂಸಿ ನೋಡಲಿಲ್ಲ.

ಅಷ್ಟರಲ್ಲಿ ಸುಳ್ಯದಿಂದ ಮದುಮಗನ ಸೋದರತ್ತೆ ನಫೀಸ ಬಂದರು. ಅವರ ಮನೆಯಲ್ಲಿ ಮೂರು ಮದುವೆ ಬಾಕಿ ಉಂಟೆಂದು ಖತೀಜ ನನ್ನ ಕಿವಿಯಲ್ಲಿ ಹೇಳಿದ್ದಳು. ಅವರು ವೇದಿಕೆಯ ಸುತ್ತ ಒಂದು ಸುತ್ತು ಬಂದರು. ನನ್ನ ಎದೆ ಹೊಲಿಗೆ ಮೆಷಿನ್ನಿನಂತೆ ಓಡಿತು.

"ಇದು ನೀವು ಮಾಡಿದ್ದಾ?"

"ಹೌದು. ನಾನೇ."

"ಭಾರಿ ಲಾಯ್ಕ ಉಂಟು. ಮೇ ತಿಂಗಳಲ್ಲಿ ನಮ್ಮ ಮಗಳದ್ದು. ನಮಗೂ ಇದೇ ಬೇಕು."

ನನ್ನ ಕಣ್ಣು ತುಂಬಿತು.

"ಇದೇ ಅಂದ್ರೆ ಇದೇ ಸೆಟ್ಟು," ಅವರು ಮುಂದುವರಿಸಿದರು. "ಅಲ್ಲಿವರೆಗೆ ಒಳ್ಳೆ ಕವರಲ್ಲಿ ಕಟ್ಟಿ ಇಡಿ. ಪ್ಲಾಸ್ಟಿಕ್ ಹೂವಿಗೆ ಒಮ್ಮೆ ಧೂಳು ಕೂತ್ರೆ ಎಷ್ಟು ತೊಳೆದ್ರೂ ಮೊದ್ಲಿನ ಹಾಗೆ ಆಗುದಿಲ್ಲ."

ಇದು ಅಸಲಿ ಹೂ ಎನ್ನಲು ಬಾಯಿ ತೆರೆದೆ. ಅವರು ಆಗಲೇ ಪಕ್ಕದವರತ್ತ ತಿರುಗಿ, "ಅಸಲಿ ಹೂ ಯಾರಿಗೆ ಬೇಕು ಮಾರಾಯ್ತಿ? ಊಟದ ಮೊದಲೇ ಬಾಡಿ ಹೋಗ್ತದೆ," ಎನ್ನುತ್ತಿದ್ದರು. ತೆರೆದ ಬಾಯಿಯಿಂದ, "ಧೂಳು ಕೂರದ ಹಾಗೆ ನೋಡ್ಕೊಳ್ತೇನೆ," ಎಂಬ ಮಾತು ಹೊರಬಂತು.

"ಮೇ ತಿಂಗಳಲ್ಲಿ ಡೇಲಿಯಾ ಎಲ್ಲುಂಟು?" ಆಟೋ ಹತ್ತುವಾಗ ವಿಷಯ ತಿಳಿದ ಗಂಡ ಕೇಳಿದರು. ಮದುವೆಯಾದ ಮೇಲೆ ಅವರು ಸ್ವಂತವಾಗಿ ಮಾಡಿದ ಮೊದಲ ಚಿಂತೆ ಅದು.

ಮರುದಿನ ಪುತ್ತೂರಿನ ಅಂಗಡಿ ಅಂಗಡಿ ಹತ್ತಿ ಇಳಿದು, ನನ್ನ ಡೇಲಿಯಾಕ್ಕೆ ಸರಿಹೊಂದುವ ಪ್ಲಾಸ್ಟಿಕ್ ಡೇಲಿಯಾ ಹುಡುಕಿದೆವು. ಒಂದೂ ಸಿಗಲಿಲ್ಲ. ಎಲ್ಲವೂ ತೀರಾ ಅಸಲಿ ಹೂವಿನಂತೆ ಕಾಣುತ್ತಿದ್ದವು!